ಮನೆಯ ಓಲೆಕಟ್ಟುಗಳನ್ನು ಯಾವ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವುದು ಸೂಕ್ತ?

ಬದಿಯಡ್ಕ ನಿವಾಸಿ:
ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಮೀಪವಿರುವ ನಮ್ಮ ಹಿರಿಯರ ಮನೆಯನ್ನು ಮುಂದಿನ ಬೇಸಗೆಯಲ್ಲಿ ಕೆಡವುವುದೆಂದು ತೀರ್ಮಾನವಾಗಿದೆ. ಅದರ ಅಟ್ಟದಲ್ಲಿ ತುಳು ಲಿಪಿಯ ಕೆಲವು ತಾಳೆಗರಿ ಕಟ್ಟುಗಳು, ಅಜ್ಜ ಕೈಯಾರೆ ನಕಲು ಮಾಡಿಕೊಂಡಿದ್ದ ಯಕ್ಷಗಾನ ಪ್ರಸಂಗಗಳು, ಅಕ್ಕಿ ಅಳೆಯುವ ಕಳಸಿಗೆ, ಮರದ ಪಾತ್ರೆಯಾದ ಮರಿಗೆ, ಮಳೆಗೆ ಹೊದೆಯುವ ಗೊರಬೆ ಮೊದಲಾದವು ಇವೆ. ಇವು ಗುಜರಿಯವರ ಪಾಲಾಗಬಾರದು, ವಿದ್ಯಾರ್ಥಿಗಳ ಕೈಗೆ ಸಿಗಬೇಕು ಎಂಬುದು ನಮ್ಮ ಬಯಕೆ. ನಾವಿರುವುದು ಕೇರಳದಲ್ಲಿ, ವಸ್ತುಗಳ ಭಾಷೆ ಕನ್ನಡ ಮತ್ತು ತುಳು. ಹೀಗಿರುವಾಗ ಯಾವ ವಿಶ್ವವಿದ್ಯಾನಿಲಯದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು? ಪರದೇಶದಲ್ಲಿರುವ ನನ್ನ ತಮ್ಮ ಒಂದು ಓಲೆಕಟ್ಟನ್ನು ನೆನಪಿಗಾಗಿ ಅಲ್ಲಿಗೆ ಒಯ್ಯಲು ಇಚ್ಛಿಸುತ್ತಾನೆ. ಅದಕ್ಕೆ ಅಡ್ಡಿಯಿದೆಯೇ?

ನಿವೃತ್ತ ಕನ್ನಡ ಉಪನ್ಯಾಸಕ, ಕಾಸರಗೋಡು:
ಕಟ್ಟಡ ಎಷ್ಟು ದೊಡ್ಡದೆಂದು ನೋಡಬೇಡಿ, ಅಲ್ಲಿ ಓದಬಲ್ಲವರು ಯಾರಿದ್ದಾರೆಂದು ನೋಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಆರಂಭವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ್ದರು. ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ, ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದುದರಿಂದಲೇ ಆ ಗ್ರಂಥವು ಲೋಕಕ್ಕೆ ದೊರೆಯಿತು. ನಮ್ಮ ಕಾಸರಗೋಡಿನವರೇ ಆದ ವೆಂಕಟರಾಜ ಪುಣಿಂಚತ್ತಾಯರು ಮನೆಮನೆಗಳ ಓಲೆಗಳನ್ನು ಹುಡುಕಿ ಓದದೆ ಹೋಗಿದ್ದರೆ ತುಳುವಿನ ‘ಶ್ರೀಭಾಗವತೊ’ದಂತಹ ಕಾವ್ಯವು ಇಂದಿಗೂ ಕತ್ತಲೆಯಲ್ಲಿಯೇ ಇರುತ್ತಿತ್ತು.

ಅಳತೆಯ ಪಾತ್ರೆ, ಗೊರಬೆಗಳ ಮಾತು ಬೇರೆ. ಅಂಥವುಗಳಿಗೆ ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯ ಒಳ್ಳೆಯ ಮಾದರಿ.

ಸಂಶೋಧನ ವಿದ್ಯಾರ್ಥಿನಿ, ಮಂಜೇಶ್ವರ:
ಸರ್, ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲವೂ ಗಡಿ ದಾಟಿ ಹೋಗುವುದು ನನಗೆ ಸಂಕಟವನ್ನುಂಟುಮಾಡುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹವನ್ನು ನೋಡಬೇಕಾದರೆ ನಾವು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ಸಂಶೋಧನ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಅದು ಭದ್ರವಾಗಿರುವುದು ಸಂತೋಷವೇ. ಆದರೂ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಪ್ರಸಂಗದ ಪುಸ್ತಕಗಳಾದರೂ ಇಲ್ಲಿಯೇ ಉಳಿಯಲು ಸಾಧ್ಯವೇ ಎಂದು ಮೊದಲು ವಿಚಾರಿಸಿ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ನಾಡಿನ ಮಕ್ಕಳು ಅವುಗಳನ್ನು ನೋಡಲು ದೂರದ ಊರಿಗೆ ಹೋಗುವಂತಾಗಬಾರದು.

ಎಲ್ಲಿಗೆ ಕೊಟ್ಟರೂ ಪಟ್ಟಿಯನ್ನು ನೀವೇ ಮಾಡಿಕೊಡಿ. ತುಳು ಲಿಪಿಯು ಮಲಯಾಳ ಲಿಪಿಯನ್ನು ಬಹಳ ಹೋಲುವುದರಿಂದ, ಪರಿಚಯವಿಲ್ಲದವರು ಅದನ್ನು ಮಲಯಾಳದ ಓಲೆಯೆಂದೇ ದಾಖಲಿಸುವ ಅಪಾಯವಿದೆ. ಒಮ್ಮೆ ಹಾಗೆ ದಾಖಲಾದರೆ ಅದನ್ನು ಅರಸುವ ವಿದ್ಯಾರ್ಥಿಗೆ ಅದು ಎಂದೂ ಸಿಗದು. ಲಿಪಿ ತುಳುವಾದರೂ ಒಳಗಿನ ಭಾಷೆ ಹೆಚ್ಚಾಗಿ ಸಂಸ್ಕೃತವಾಗಿರುತ್ತದೆ ಎಂಬುದೂ ಗಮನದಲ್ಲಿರಲಿ. ವಸ್ತು ಯಾವ ಮನೆಯದು, ಯಾರು ಬಳಸುತ್ತಿದ್ದರು, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನೆಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.

ಹಸ್ತಪ್ರತಿ ಸಂರಕ್ಷಣೆಯ ಕೆಲಸದವನು:
ಮೊದಲು ತಮ್ಮನ ವಿಷಯ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಯು ಪುರಾತನ ವಸ್ತುವೆನಿಸುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅವರಿಗೆ ಛಾಯಾಚಿತ್ರಗಳನ್ನು ಕಳುಹಿಸಿಕೊಡಿ.

ಓಲೆಗಳನ್ನು ಬಿಸಿಲಿಗೆ ಹಾಕಬೇಡಿ, ಒಣಗಿ ಮುರಿಯುತ್ತವೆ. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿ. ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವುದು ಹುಳ ಬಾರದಿರಲಿ ಎಂದು ನಡೆದುಬಂದ ಕ್ರಮವೇ ಆದರೂ ಅದನ್ನು ತಿಳಿದವರ ಕೈಯಲ್ಲಿ ಮಾಡಿಸಿ. ಸದ್ಯಕ್ಕೆ ಮೆತ್ತನೆಯ ಕುಂಚದಿಂದ ದೂಳು ತೆಗೆದು, ಗರಿಗಳ ಕ್ರಮ ತಪ್ಪದಂತೆ ಶುದ್ಧವಾದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ನಮ್ಮ ಕಡೆಯ ಮಳೆಗಾಲದ ತೇವವೇ ದೊಡ್ಡ ಶತ್ರು. ಆದುದರಿಂದ ಮನೆ ಕೆಡವುವ ದಿನದವರೆಗೆ ಕಾಯದೆ, ಮಳೆ ಹಿಡಿಯುವ ಮೊದಲೇ ಅಟ್ಟದಿಂದ ಇಳಿಸಿ.

ಒಪ್ಪಿಸುವಾಗ ದಾನಪತ್ರ ಬರೆಸಿಕೊಳ್ಳಿ. ಪ್ರತಿ ವಸ್ತುವಿಗೂ ದಾಖಲೆ ಸಂಖ್ಯೆ ಕೊಡುವರೇ, ವಿವರ ಕನ್ನಡದಲ್ಲಿಯೂ ಇರುವುದೇ, ವಿದ್ಯಾರ್ಥಿಗಳಿಗೆ ನೋಡಲು ಅವಕಾಶವಿದೆಯೇ ಎಂಬುದನ್ನು ಅದರಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಮುಖ್ಯಸ್ಥರು ಬದಲಾದ ಬಳಿಕ ಬಾಯಿಮಾತು ಉಳಿಯುವುದಿಲ್ಲ.

ಬದಿಯಡ್ಕ ನಿವಾಸಿ:
ಮೂವರಿಗೂ ಕೃತಜ್ಞತೆಗಳು. ಕಟ್ಟುಗಳನ್ನು ಈ ವಾರವೇ ಕೆಳಗಿಳಿಸುತ್ತೇವೆ. ಪ್ರಸಂಗದ ಪುಸ್ತಕಗಳ ಬಗ್ಗೆ ಕಾಸರಗೋಡಿನಲ್ಲಿಯೇ ಮೊದಲು ವಿಚಾರಿಸುತ್ತೇನೆ. ಓಲೆಗಳ ಪಟ್ಟಿ ಮಾಡಲು ತುಳು ಲಿಪಿ ಬಲ್ಲ ವಿದ್ಯಾರ್ಥಿಗಳು ಯಾರಾದರೂ ನಮ್ಮ ಮನೆಗೆ ಬರಬಹುದೇ? ಊಟ, ವಸತಿಯ ವ್ಯವಸ್ಥೆ ನಮ್ಮದು.