ಪದಚರ್ಚೆ: ಗೇಮ್ ಕನ್ಸೋಲ್‌ಗೆ ‘ನವೀಕರಣ’ ಅನ್ನಬಹುದಾ, ‘ತಲೆಮಾರು’ ಅನ್ನಬೇಕಾ?

ಎಲ್ರಿಗೂ ನಮಸ್ಕಾರ,

ಗೇಮ್ ಕನ್ಸೋಲ್‌ಗಳ (ವಿಡಿಯೋ ಗೇಮ್ ಆಡೋ ಯಂತ್ರಗಳ) ಹಾರ್ಡ್‌ವೇರನ್ನ ಕಂಪನಿಗಳು ಎಷ್ಟು ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು ಅಂತ ಕನ್ನಡದಲ್ಲಿ ಒಂದು ಲೇಖನ ಬರೀತಿದೀನಿ, ಓದೋರು ಹೆಚ್ಚಾಗಿ ಇಲ್ಲೇ ಬೆಂಗಳೂರಲ್ಲಿ ಮಕ್ಕಳಿಗೆ ಕನ್ಸೋಲ್ ಕೊಡ್ಸೋಕೆ ಹೊರಟಿರೋ ಅಪ್ಪ ಅಮ್ಮಂದಿರು. ಎಲ್ಲರೂ ‘ನವೀಕರಣ’ ಅಂತ ಬಳಸ್ತಾರೆ, ನನಗೆ ಅದು ಒಪ್ತಾ ಇಲ್ಲ. ಲೈಸೆನ್ಸ್ ನವೀಕರಣ, ದೇವಸ್ಥಾನದ ನವೀಕರಣ ಅಂದ್ರೆ ಇರೋದನ್ನೇ ಹೊಸದು ಮಾಡೋದು. ಕನ್ಸೋಲಲ್ಲಿ ಮನೇಲಿರೋದು ಇದ್ದಂಗೇ ಇರುತ್ತೆ, ಅಂಗಡಿಗೆ ಬೇರೇದು ಬರುತ್ತೆ, ಬೇಕಂದ್ರೆ ಪೂರ್ತಿ ದುಡ್ಡು ಕೊಟ್ಟು ತಗೋಬೇಕು. ಪಿಸಿ ಆದ್ರೆ ಕಂಪ್ಯೂಟರ್ ಭಾಗಗಳು ಸಿಗೋ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಾಯಿಸ್ಕೊಂಡು ಬರಬಹುದು, ಇಲ್ಲಿ ಚಿಪ್ಪು ಮೆಮೊರಿ ಎಲ್ಲ ಬೋರ್ಡಿಗೇ ಬೆಸುಗೆ, ಸೋನಿಯ ಪ್ಲೇಸ್ಟೇಷನ್ 5ರಲ್ಲಿ (ಪಿಎಸ್5) ಹೆಚ್ಚಂದ್ರೆ ಆಟಗಳನ್ನ ಇಟ್ಕೊಳ್ಳೋಕೆ ಒಂದು ಎಸ್‌ಎಸ್‌ಡಿ ಸೇರಿಸ್ಬಹುದು. 1998ರಲ್ಲಿ ನಿಂಟೆಂಡೊ 64 ಅನ್ನೋ ಹಳೇ ಕನ್ಸೋಲಿಗೆ ಒಂದು ಚಿಕ್ಕ ತುಂಡು ಬಂದಿತ್ತು, ಹಾಕಿದ್ರೆ 4 ಎಂಬಿ ಇದ್ದ ಮೆಮೊರಿ 8 ಆಗೋದು, ಅಂಥದಕ್ಕೆ ಬೇಕಾದ್ರೆ ‘ಮೇಲ್ದರ್ಜೆಗೆ ಏರಿಸೋದು’ ಅನ್ನೋಣ.

ಪ್ಲೇಸ್ಟೇಷನ್‌ಗಳು ಬಂದಿದ್ದು 1994, 2000, 2006, 2013, 2020ರಲ್ಲಿ. ಇದಕ್ಕೆ ‘ಪೀಳಿಗೆ’ಗಿಂತ ‘ತಲೆಮಾರು’ ಚೆನ್ನಾಗಿದೆ ಅಂತ ನನಗೆ. ತಲೆಮಾರು ಅಂದ್ರೆ ಹೊಸಬ್ರು ಹುಟ್ಟಿದ ತಕ್ಷಣ ಹಳಬ್ರು ಹೋಗ್ಬಿಡಲ್ಲ, ಒಟ್ಟಿಗೇ ಇರ್ತಾರೆ, ಪಿಎಸ್3 ಬಂದ್ಮೇಲೂ ಪಿಎಸ್2 ವರ್ಷಗಟ್ಟಲೆ ತಯಾರಾಗ್ತಾನೇ ಇತ್ತಲ್ಲ.

ತೊಡಕಿರೋದು ನಡುವೆ ಬರೋವುಗಳದ್ದು. ಪುಸ್ತಕದ ಲೆಕ್ಕದಲ್ಲಿ ಹೇಳೋದಾದ್ರೆ ‘ಸ್ಲಿಮ್’ ಅಂತ ಹೆಸರಿಟ್ಟು ಬರೋ ಕನ್ಸೋಲು ಮರುಮುದ್ರಣ, ಅದೇ ಯಂತ್ರ, ಚಿಕ್ಕ ಮೈ. 2016ರ ಪಿಎಸ್4 ಪ್ರೊ, 2017ರ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಎಕ್ಸ್, 2024ರ ಪಿಎಸ್5 ಪ್ರೊ ಇವೆಲ್ಲ ಪರಿಷ್ಕೃತ ಮುದ್ರಣ, ಶಕ್ತಿ ಜಾಸ್ತಿ, ಆಟಗಳು ಅವೇ (ಪಿಎಸ್5 ಪ್ರೊ ಬಿಡುಗಡೆ ಆದಾಗ ನಮ್ಮ ದೇಶಕ್ಕೆ ಬರಲೇ ಇಲ್ಲ, ಅದ್ರ ವೈಫೈ ಬಳಸೋ 6 ಗಿಗಾಹರ್ಟ್ಜ್ ತರಂಗಕ್ಕೆ ಇಲ್ಲಿ ಅನುಮತಿ ಇರ್ಲಿಲ್ಲ). ಪಿಎಸ್4 ಪ್ರೊಗೆ ಮಾಡಿದ ಆಟ ಮಾಮೂಲಿ ಪಿಎಸ್4ರಲ್ಲೂ ಓಡಲೇಬೇಕು ಅಂತ ಸೋನಿನೇ ಕಟ್ಟಳೆ ಮಾಡಿತ್ತು. ಇಂಥದನ್ನ ‘ಹೊಸ ತಲೆಮಾರು’ ಅಂತ ಬರೆದ್ರೆ ಓದಿದೋರು ಅಯ್ಯೋ ನಮ್ಮನೇದು ಹಳೇದಾಯ್ತು ಅಂತ ಸುಮ್‌ಸುಮ್ನೆ ದುಡ್ಡು ಸುರೀತಾರೆ, ಅದಕ್ಕೇ ಪದದ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿರೋದು. ಅಂಗಡಿಯವ್ರು ಎಲ್ಲಕ್ಕೂ ‘ಹೊಸ ಮಾಡೆಲ್’ ಅಂದ್ಬಿಡ್ತಾರೆ, ಅದ್ರಿಂದ ಏನೂ ಗೊತ್ತಾಗಲ್ಲ.

ನನ್ನ ಅಭಿಪ್ರಾಯ, ತಲೆಮಾರು ಆರೇಳು ವರ್ಷಕ್ಕಿಂತ ಬೇಗ ಬದಲಾಗ್ಬಾರ್ದು. 2021ರಲ್ಲಿ ಪಿಎಸ್5 ಇಲ್ಲಿಗೆ ಬಂದಾಗ ಡಿಸ್ಕ್ ಇರೋದಕ್ಕೆ 49,990 ರೂಪಾಯಿ, ದೊಡ್ಡ ಆಟ ಒಂದು ತಯಾರಾಗೋಕೇ ನಾಲ್ಕೈದು ವರ್ಷ ಬೇಕು, ಯಂತ್ರದ ಪೂರ್ತಿ ಕಸುವು ತೆಗೆಯೋದು ಕಲಿಯೋಷ್ಟರಲ್ಲಿ ಬೇರೇದು ಬಂದ್ರೆ ಯಾರಿಗೂ ಲಾಭ ಇಲ್ಲ. ನಿಂಟೆಂಡೊದ ವೀ ಯು ಕನ್ಸೋಲ್ 2012ರ ಕೊನೇಲಿ ಬಂತು, 2017ರ ಮಾರ್ಚ್‌ಗೆ ಅದ್ರ ಮುಂದಿನ ಕನ್ಸೋಲ್ ಸ್ವಿಚ್ ಬಂತು, ವೀ ಯು ಡಿಸ್ಕುಗಳು ಸ್ವಿಚ್ಚಲ್ಲಿ ಹಾಕೋಕೂ ಆಗಲ್ಲ, ಕೊಂಡೋರಿಗೆ ಅನ್ಯಾಯಾನೇ ಅದು. ಪರಿಷ್ಕೃತ ಮುದ್ರಣ ಬೇಕಾದಾಗ ಬರಲಿ, ಹಳೇದ್ರಲ್ಲೂ ಎಲ್ಲ ಆಟ ಓಡ್ತಿದ್ರೆ ಸಾಕು.

ಆದ್ರೆ ನನ್ನ ವಿಂಗಡಣೆಗೆ ಒಂದು ಸಿಕ್ತಾ ಇಲ್ಲ. 2014ರಲ್ಲಿ ನಿಂಟೆಂಡೊ ತನ್ನ 3ಡಿಎಸ್ ಅನ್ನೋ ಕೈಲಿ ಹಿಡಿದು ಆಡೋ ಕನ್ಸೋಲಿನ ಮೇಲೆ ‘ನ್ಯೂ 3ಡಿಎಸ್’ ಅಂತ ತಂತು, ಹೆಸರು ಹಳೇದೇ, ಹಳೇ ಆಟಾನೂ ಓಡುತ್ತೆ, ಆದ್ರೆ ಕೆಲವು ಆಟ ಅದ್ರಲ್ಲಿ ಮಾತ್ರ. ತಲೆಮಾರು ಅನ್ನೋಕೂ ಆಗಲ್ಲ, ಪರಿಷ್ಕೃತ ಅಂದ್ರೂ ಕೊಳ್ಳೋರಿಗೆ ಮೋಸ ಆಗುತ್ತೆ. ‘ಅರೆ ತಲೆಮಾರು’ ಅಂದ್ರೆ ಕಿವಿಗೆ ಹೆಂಗಿದೆ? ಧಾರವಾಡ, ಮಂಗಳೂರು ಕಡೆಯವ್ರು ಇಂಥ ನಡುವಿನದಕ್ಕೆ ಏನಾದ್ರೂ ಪದ ಆಡ್ತೀರಾ?