ಕರುಳಿನ ತೊಂದರೆಗೆ ‘ಸಮ್ಮೋಹನ ಚಿಕಿತ್ಸೆ’: ಈ ಹೆಸರು ಒಗ್ಗುತ್ತದೆಯೇ?

ಪದಾಸಕ್ತ ಮಿತ್ರರಿಗೆ ಬೆಳಗಾವಿಯಿಂದ ನಮಸ್ಕಾರಗಳು.

ವೈದ್ಯರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದು ಕರೆಯುವ ಕರುಳಿನ ತೊಂದರೆಗೆ ಹಿಪ್ನೋಥೆರಪಿಯಿಂದ, ಅಂದರೆ ಮೆಲುಮಾತಿನಿಂದ ಮನಸ್ಸನ್ನು ಒಂದೆಡೆ ನೆಲೆಗೊಳಿಸಿ ಮಾಡುವ ಚಿಕಿತ್ಸೆಯಿಂದ, ಸಿಗಬಹುದಾದ ಉಪಶಮನವನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ನಮ್ಮ ಭಾಗದ ರೋಗಿಗಳಿಗಾಗಿ ಬರೆಯುತ್ತಿದ್ದೇನೆ. ಬರವಣಿಗೆ ಬಹುಮಟ್ಟಿಗೆ ಮುಗಿದಿದ್ದರೂ ಚಿಕಿತ್ಸೆಯ ಹೆಸರೇ ಇನ್ನೂ ಇತ್ಯರ್ಥವಾಗಿಲ್ಲ.

ಬಳಕೆಯಲ್ಲಿರುವ ಪದ ‘ಸಮ್ಮೋಹನ’. ಮರಾಠಿಯಲ್ಲೂ ಇದೇ ಪದವಿರುವುದರಿಂದ ಗಡಿಭಾಗದ ಓದುಗರಿಗೆ ಇದು ಹೊಸದಲ್ಲ. ಆದರೆ ಸಮ್ಮೋಹನ ಎಂದ ಕೂಡಲೇ ವಶೀಕರಣ, ಮೋಡಿ, ಕಣ್ಕಟ್ಟುಗಳು ಅದರ ಬೆನ್ನಿಗೇ ಬಂದು ನಿಲ್ಲುತ್ತವೆ. ‘ಮುಹ್’ ಧಾತುವಿನ ಅರ್ಥವೇ ದಿಕ್ಕುಗೆಡುವುದು, ಮತಿಗೆಡುವುದು. ಚಿಕಿತ್ಸೆಯಲ್ಲಿ ನಡೆಯುವುದು ಇದಕ್ಕೆ ತೀರ ಬೇರೆ: ರೋಗಿ ಎಚ್ಚರವಾಗಿಯೇ ಇರುತ್ತಾನೆ, ಆಡಿದ ಮಾತು ಅವನಿಗೆ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ತೆರೆದು ಎದ್ದು ಹೋಗಬಹುದು. ‘ಕಣ್ಣ ಮುಚ್ಚಿಸಿ ಏನರ ಮಾಡಿದ್ರ?’ ಎಂದು ಮೊದಲೇ ಅಂಜಿರುವವರ ಕೈಗೆ ಸಮ್ಮೋಹನ ಎಂಬ ತಲೆಬರಹದ ಪುಸ್ತಕವನ್ನು ಕೊಡುವುದು ಸರಿಯೆಂದು ನನಗೆ ತೋರುವುದಿಲ್ಲ.

‘ನಿದ್ರಾ ಚಿಕಿತ್ಸೆ’ ಎಂಬುದೂ ನಿಲ್ಲುವುದಿಲ್ಲ. ಹಿಪ್ನಾಸ್ ಗ್ರೀಕರ ನಿದ್ರಾದೇವತೆ ಎಂಬುದು ನಿಜವೇ. ಆದರೆ 1843ರ ತಮ್ಮ ಪುಸ್ತಕದ ಮೂಲಕ ಅದರಿಂದ ಬಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಹರಡಿದ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಅವರೇ ಮುಂದೆ ಅದು ಹೊಂದುವುದಿಲ್ಲವೆಂದು ಕಂಡುಕೊಂಡು, ಮನಸ್ಸು ಒಂದೇ ಭಾವನೆಯಲ್ಲಿ ನೆಲೆಗೊಳ್ಳುವುದನ್ನು ಸೂಚಿಸುವ ‘ಮೊನೊಇಡಿಯಿಸಂ’ ಎಂಬ ಪದವನ್ನು ಮುಂದಿಟ್ಟರು. ಅದು ಚಲಾವಣೆಗೆ ಬರಲಿಲ್ಲ. ಅದೇ ಮ್ಯಾಂಚೆಸ್ಟರಿನಲ್ಲಿ ವೈದ್ಯ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು, ಬೇರೆ ಚಿಕಿತ್ಸೆಗಳಿಗೆ ಬಗ್ಗದ ಐಬಿಎಸ್ ಇದ್ದ 30 ಜನರ ಮೇಲೆ ನಡೆಸಿದ ಪ್ರಯೋಗವನ್ನು 1984ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಪ್ನೋಥೆರಪಿ ಪಡೆದವರಲ್ಲಿ ನೋವು, ಹೊಟ್ಟೆಯುಬ್ಬರ, ಮಲವಿಸರ್ಜನೆಯ ಏರುಪೇರು ಮೂರೂ ಅದನ್ನು ಪಡೆಯದ ಇನ್ನೊಂದು ಗುಂಪಿನವರಿಗಿಂತ ಎದ್ದುಕಾಣುವಷ್ಟು ತಗ್ಗಿದವು. ಔಷಧಿಗಳಿಂದ 12 ತಿಂಗಳಾದರೂ ಗುಣ ಕಾಣದವರಿಗೆ ಇದನ್ನು ಪರಿಗಣಿಸಬಹುದೆಂದು ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಮಾರ್ಗದರ್ಶನ ನೀಡುವ ಇಂಗ್ಲೆಂಡಿನ ನೈಸ್ (NICE) ಸಂಸ್ಥೆ 2008ರ ಮಾರ್ಗಸೂಚಿಯಲ್ಲಿ ಹೇಳಿದೆ.

ಬ್ರೇಡ್ ಹುಡುಕಿದ ಅರ್ಥಕ್ಕೆ ನಮ್ಮಲ್ಲಿ ‘ತನ್ಮಯತೆ’ ಎಂಬ ಒಳ್ಳೆಯ ಪದವಿದೆ. ಭಜನೆಯಲ್ಲಿಯೋ ಬಯಲಾಟದಲ್ಲಿಯೋ ತನ್ಮಯನಾದವನನ್ನು ಯಾರೂ ಮೋಸಹೋದವನೆನ್ನುವುದಿಲ್ಲ, ತನ್ಮಯತೆ ಅವನದೇ. ಆದ್ದರಿಂದ ‘ತನ್ಮಯ ಚಿಕಿತ್ಸೆ’ ಎಂದು ಬರೆದು, ಮೊದಲ ಬಾರಿಗೆ ಬಂದಲ್ಲಿ ಮಾತ್ರ ಹಿಪ್ನೋಥೆರಪಿ ಎಂಬುದನ್ನೂ ಜೊತೆಗಿಡೋಣವೆಂದು ಯೋಚಿಸಿದ್ದೇನೆ. ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಹಿಪ್ನೋಥೆರಪಿಯೇ ಆದ್ದರಿಂದ ಅದನ್ನು ಪೂರ್ತಿ ಕೈಬಿಡುವಂತಿಲ್ಲ.

ರೋಗದ ಹೆಸರಿಗೆ ‘ಕೆರಳು ಕರುಳು’ ಎಂಬುದು ನನಗೆ ಒಪ್ಪಿಗೆ. ಪಿತ್ತ ಕೆರಳಿತು ಎನ್ನುವ ವಾಡಿಕೆ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಉರಿ’ ಸೇರಿದ ಪದಗಳನ್ನು ಮಾತ್ರ ಬೇಡವೆನ್ನುತ್ತೇನೆ. ಉರಿಯೂತವಿರುವ ಕರುಳಿನ ರೋಗವೇ ಬೇರೆ, ಐಬಿಎಸ್‌ನಲ್ಲಿ ದುರ್ಬೀನು ಹಾಕಿ ನೋಡಿದರೂ ಹುಣ್ಣು ಕಾಣದು. ಆಯುರ್ವೇದ ಹೇಳುವ ‘ಗ್ರಹಣಿ’ ಎಂಬ ಜೀರ್ಣಾಂಗದ ರೋಗದ ವ್ಯಾಪ್ತಿಯೂ ಬೇರೆಯಾದ್ದರಿಂದ ಅದನ್ನು ಇದರ ಮೇಲೆ ಹೊದಿಸಲಾರೆ.

ಇನ್ನೊಂದು ತೊಡಕು ಚಿಕಿತ್ಸಕ ಮೆಲ್ಲನೆ ಆಡುವ ಮಾತುಗಳದು. ಹೊಟ್ಟೆಯ ಮೇಲೆ ಕೈಯಿರಿಸಿ ಬಿಸುಪು ಒಳಗಿಳಿಯುವುದನ್ನು ಗಮನಿಸಿರಿ, ಕರುಳಿನ ಚಲನೆಯನ್ನು ಹರಿಯುವ ನದಿಯೆಂದು ಭಾವಿಸಿರಿ ಎಂಬಂಥ ಮಾತುಗಳವು. ಜುಲಾಬಿನಿಂದ ಬಳಲುವವರಿಗೆ, ಗೋಕಾಕದಲ್ಲಿ ಧುಮುಕುವ ಘಟಪ್ರಭೆ ಬಾಗಲಕೋಟೆಯ ಸೀಮೆಗೆ ಬಂದು ನಿಧಾನವಾಗುವುದನ್ನು ನೆನೆಯಿರಿ ಎಂದು ಬರೆದಿದ್ದೇನೆ. ಇಂಥ ಮಾತುಗಳನ್ನು ‘ಸೂಚನೆ’ ಎಂದರೆ ಕಚೇರಿಯ ಫಲಕದಂತಾಗುತ್ತದೆ. ‘ಸಲಹೆ’ ಎಂದರೆ ಪಥ್ಯ ಹೇಳಿದಂತಾಗುತ್ತದೆ. ‘ಭಾವನೆ ಕೊಡುವುದು’ ಎಂದು ಸದ್ಯಕ್ಕೆ ಇರಿಸಿದ್ದೇನೆ, ಸಮಾಧಾನವಿಲ್ಲ.

‘ತನ್ಮಯ ಚಿಕಿತ್ಸೆ’ ಎಂದರೆ ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಓದುಗರಿಗೆ ಏನು ಹೊಳೆಯಬಹುದು, ಧ್ಯಾನವೆಂದೋ ಸಂಗೀತ ಚಿಕಿತ್ಸೆಯೆಂದೋ ತಪ್ಪು ತಿಳಿಯುವ ಸಂಭವವಿದೆಯೇ, ಆ ಮೆಲುಮಾತಿಗೆ ಆಡುನುಡಿಯಲ್ಲಿ ಬೇರೆ ಪದವುಂಟೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.