ಹಳೇ ಚಿತ್ರದ ಹಕ್ಕಿಯನ್ನು ವಿಜ್ಞಾನಿಗಳು ನಂಬುತ್ತಾರಾ?

ಗದಗ ಡ್ರಾಯಿಂಗ್ ಮಾಸ್ತರ:
ಮಾಗಡಿ ಕೆರೆಗೆ ಹೆಬ್ಬಾತು ಬಂದಾಗ ಮಕ್ಕಳನ್ನು ದಂಡೆ ಮೇಲೆ ಕೂರಿಸಿ ಚಿತ್ರ ಬರೆಸುತ್ತೇನೆ. ಒಬ್ಬ ಪಾಲಕರು, ಮೊಬೈಲ್‌ನಲ್ಲಿ ಫೋಟೊ ಸಿಗುತ್ತೆ, ಚಿತ್ರ ಅಂದ್ರೆ ಕಲ್ಪನೆ, ವಿಜ್ಞಾನಕ್ಕೆ ಏನು ಉಪಯೋಗ ಅಂದರು. ನನಗೆ ಹಾಗನ್ನಿಸಲ್ಲ. ಆದರೆ ತೋರಿಸೋಕೆ ಗಟ್ಟಿ ಉದಾಹರಣೆ ಬೇಕು. ಯಾರಿಗಾದರೂ ಗೊತ್ತಾ?

ಧಾರವಾಡ ಹಕ್ಕಿನೋಟ:
ಸರ್, ನಿಮ್ಮ ಮಾಗಡಿ ಹಕ್ಕಿಯೇ ಇರುವ ಉದಾಹರಣೆ ಇದೆ! ಜಹಾಂಗೀರನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಅಂತ ಕಲಾವಿದ ಇದ್ದ. ಅವನದ್ದೇ ಎನ್ನುವ, ಸುಮಾರು 1625ರ ಒಂದು ಚಿತ್ರದ ನಡುವೆ ಡೋಡೊ ನಿಂತಿದೆ. ಮಾರಿಷಸ್‌ನ ಆ ಹಾರಲಾರದ ಹಕ್ಕಿ 17ನೇ ಶತಮಾನದಲ್ಲೇ ಅಳಿದುಹೋಯಿತು. ಆದರೆ ಆ ಕಾಲಕ್ಕೆ ಸೂರತ್‌ನಲ್ಲಿ ಜೀವಂತ ಡೋಡೊ ಇತ್ತು, ನೋಡಿದ್ದಾಗಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಬರೆದಿಟ್ಟಿದ್ದಾನೆ. ಚಿತ್ರದಲ್ಲಿ ಡೋಡೊ ಸುತ್ತ ಒಂದು ಪುಟ್ಟ ಗಿಳಿ, ಹಿಮಾಲಯದ ಟ್ರಾಗೋಪನ್ ಅನ್ನೋ ಕೋಳಿಜಾತಿಯ ಹಕ್ಕಿ, ಕೆಳಗೆ ಎಡಕ್ಕೆ ನಮ್ಮ ಪಟ್ಟೆತಲೆ ಹೆಬ್ಬಾತು. ಯಾವ ಹಕ್ಕಿ ಅಂತ ಇವತ್ತಿಗೂ ಗುರುತು ಹಿಡಿಯಬಹುದು. ನಮಗೆ ಗೊತ್ತಿರೋ ಹಕ್ಕಿಗಳನ್ನೇ ಇಷ್ಟು ಸರಿಯಾಗಿ ಬರೆದವನು ಡೋಡೊವನ್ನೂ ಸರಿಯಾಗಿಯೇ ಬರೆದಿರಬೇಕು ಅಲ್ವಾ? ಅದಕ್ಕೇ ಡೋಡೊ ಬಣ್ಣದ ಬಗ್ಗೆ ವಿಜ್ಞಾನಿಗಳು ಈ ಚಿತ್ರಕ್ಕೆ ಇಷ್ಟು ಬೆಲೆ ಕೊಡುತ್ತಾರೆ.

ಹುಬ್ಬಳ್ಳಿ ಓದುಗ:
ಒಪ್ಪಿದೆ, ಆದರೆ ಎಲ್ಲ ಚಿತ್ರಕ್ಕೂ ಇದು ಅನ್ವಯಿಸಲ್ಲ. ಅದೇ ಕಾಲದಲ್ಲಿ ಯುರೋಪಿನ ರೂಲಾಂಟ್ ಸಾವರಿ ಬರೆದ ಡೋಡೊ ಡುಮ್ಮಗೆ ಉರುಟಾಗಿದೆ. ಎಷ್ಟೋ ಜನ ಅದನ್ನೇ ನೋಡಿ ನಕಲು ಮಾಡಿದರು, ನಮ್ಮ ತಲೆಯಲ್ಲೂ ಅದೇ ಡೋಡೊ ಕೂತಿದೆ. ಆಮೇಲೆ ಮೂಳೆ ಅಳೆದು ಲೆಕ್ಕ ಹಾಕಿದಾಗ ಹಕ್ಕಿ ಅಷ್ಟು ದಪ್ಪ ಇರಲಿಲ್ಲ ಅಂತ ತಿಳಿಯಿತು. ಕಲಾವಿದ ಜೀವಂತ ಹಕ್ಕಿ ನೋಡಿದ್ದನಾ, ಇಲ್ಲ ಇನ್ನೊಬ್ಬರ ಚಿತ್ರ ನೋಡಿ ಬರೆದನಾ, ಮೊದಲು ಅದನ್ನು ಕೇಳಬೇಕು.

ಹಾವೇರಿ ಬಿ.ಎಸ್‌ಸಿ.:
ಮನ್ಸೂರನದ್ದೆನ್ನುವ ಸೈಬೀರಿಯನ್ ಕ್ರೇನ್ ಚಿತ್ರವೂ ಇದೆ, ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ. ಆ ಹಕ್ಕಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1773ರಲ್ಲಿ, ಅಂದರೆ ಸುಮಾರು ಒಂದೂವರೆ ಶತಮಾನ ಆದಮೇಲೆ. ಜಹಾಂಗೀರನೂ ಸುಮ್ನೆ ಚಿತ್ರ ಬರೆಸಿದವನಲ್ಲ. ಸಾರಸ್ ಜೋಡಿ ಸಾಕಿ, ಅವು ಮೊಟ್ಟೆಗೆ ಕಾವು ಕೊಡೋದನ್ನು ಗಮನಿಸಿ ಬರೆದಿಟ್ಟ.

ಸರ್, ಮಕ್ಕಳು ಚಿತ್ರದ ಕೆಳಗೆ ತಾರೀಖು, ಜಾಗ ಬರೆಯಲಿ. ಕಾಲು ಕಿತ್ತಳೆಯಾ ಹಳದಿಯಾ, ಕೊಕ್ಕಿನ ತುದಿ ಕಪ್ಪಾ ಅಂತ ನೋಡಿ ಬಣ್ಣ ಹಚ್ಚಲಿ. ಮರಿಗಳಿಗೆ ತಲೆಯ ಮೇಲೆ ಆ ಎರಡು ಕಪ್ಪು ಪಟ್ಟೆ ಇನ್ನೂ ಮೂಡಿರಲ್ಲ, ಅಂಥವು ಕಂಡರೆ ಬೇರೆಯಾಗಿ ಎಣಿಸಿ ಬರೆಯಿಸಿ. ವರ್ಷವರ್ಷ ಹೀಗೆ ಮಾಡಿದರೆ ಯಾವ ವರ್ಷ ಮರಿ ಜಾಸ್ತಿ ಬಂದವು ಅಂತ ನಿಮ್ಮ ಶಾಲೆಯ ಚಿತ್ರಗಳಲ್ಲೇ ಗೊತ್ತಾಗುತ್ತೆ.